ಹೆಸರಿನ ನಡುವೆ ನಿಂತ ಗುರು

ಸಿಕಂದರಾಬಾದ್: 2003ರ ಅಕ್ಟೋಬರ್ ತಿಂಗಳ ಕೊನೆಯ ವಾರ. ಎಂಎಂಟಿಎಸ್ ರೈಲು ಓಡಲು ಶುರುವಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಸಿಕಂದರಾಬಾದಿನ ಕಡೆಯವರಿಗೆ ಆಗ ಗಚ್ಚಿಬೌಲಿ ಎಂದರೆ ಊರಾಚೆಯ ಬಂಡೆಗಲ್ಲುಗಳ ಬಯಲು, ಹೋಗಿ ಬರಲು ಅರ್ಧ ದಿನ ಬೇಕೆನ್ನುವ ಜಾಗ. ಆ ಬಯಲಿನ ನಡುವೆ 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಬಾಲಯೋಗಿ ಕ್ರೀಡಾಂಗಣದಲ್ಲಿ ಮೊದಲ ಆಫ್ರೋ-ಏಷ್ಯನ್ ಕ್ರೀಡಾಕೂಟ ನಡೆಯಿತು. ಮಹಿಳೆಯರ ಉದ್ದಜಿಗಿತದಲ್ಲಿ ಚಿನ್ನ ಗೆದ್ದವರು ಅಂಜು ಬಾಬಿ ಜಾರ್ಜ್. ಎರಡು ತಿಂಗಳ ಹಿಂದಷ್ಟೇ ಪ್ಯಾರಿಸ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಕಂಚು ಗೆದ್ದು ಬಂದಿದ್ದ ಅವರ ಹೆಸರು ಆಗ ಮನೆಮನೆಯ ಮಾತಾಗಿತ್ತು.

ಆ ಹೆಸರಿನ ನಡುವೆ ಇರುವ ಎರಡಕ್ಷರದ ‘ಬಾಬಿ’ ಯಾರು ಎಂದು ಕೇಳಿದವರು ಕಡಿಮೆ. ಗಂಡನ ಹೆಸರು ಇರಬೇಕು ಎಂದು ಸುಮ್ಮನಾದವರೇ ಹೆಚ್ಚು. ಗಂಡನ ಹೆಸರೇ ನಿಜ, ಅದರ ಜೊತೆಗೆ ಆಕೆಯ ಕೋಚ್‌ನ ಹೆಸರೂ ಹೌದು. ಶಿಷ್ಯೆಯ ಹೆಸರನ್ನು ಕರೆದಾಗಲೆಲ್ಲ ಗುರುವಿನ ಹೆಸರೂ ತಾನಾಗಿ ಕೇಳಿಬರುವ ಇಂಥ ಜೋಡಿ ಭಾರತದ ಕ್ರೀಡಾರಂಗದಲ್ಲಿ ಇನ್ನೊಂದಿದೆಯೇ ಎಂದು ಹುಡುಕಬೇಕು.

ರಾಬರ್ಟ್ ಬಾಬಿ ಜಾರ್ಜ್ ಸ್ವತಃ ಜಿಗಿತಗಾರ. ತ್ರಿವಿಧ ಜಿಗಿತದಲ್ಲಿ, ಅಂದರೆ ಟ್ರಿಪಲ್ ಜಂಪ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ತಮ್ಮ ಜಿಗಿತವನ್ನು ಬದಿಗಿಟ್ಟು ಇನ್ನೊಬ್ಬರ ಜಿಗಿತಕ್ಕಾಗಿ ನಿಂತು, ಬೆಂಗಳೂರನ್ನು ಮನೆ ಮಾಡಿಕೊಂಡು, ಎರಡು ತಲೆಮಾರಿನ ಹುಡುಗಿಯರನ್ನು ಜಗತ್ತಿನ ಮುಂಚೂಣಿಗೆ ಕರೆದೊಯ್ದವರು.

ಮಲಯಾಳಿ ಕೋಚ್ ಒಬ್ಬರ ಕಥೆಗೆ ಕನ್ನಡಿಗರ ಪುಟದಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಬಹುದು. ಅವರ ಅಂಕಣ ಬೆಂಗಳೂರು, ಅವರ ಮನೆ ಬೆಂಗಳೂರು, ಅವರು ಬೆಳೆಸಿದ ಹುಡುಗಿಯರು ಓಡಿ ಜಿಗಿದದ್ದು ಬೆಂಗಳೂರಿನ ಮಣ್ಣಿನ ಮೇಲೆ. ಅದೂ ಅಲ್ಲದೆ, ಕೆಲಸಕ್ಕಾಗಿ ಬೇರೆ ಭಾಷೆಯ ಊರಿಗೆ ಬಂದು ಅಲ್ಲೇ ಬೇರು ಬಿಟ್ಟವರ ಕಥೆ ಏನೆಂಬುದನ್ನು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಮೆಟ್ಟಿಲು ಹತ್ತಿ ಇಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಘಟ್ಟದ ಕೆಳಗಿನ ಮನೆ

ಕೊಡಗಿನ ವಿರಾಜಪೇಟೆಯಿಂದ ಮಾಕುಟ್ಟದ ಕಾಡಿನ ದಾರಿಯಲ್ಲಿ ಘಟ್ಟ ಇಳಿದರೆ ಮೊದಲು ಸಿಗುವ ದೊಡ್ಡ ಪೇಟೆ ಇರಿಟ್ಟಿ. ಅಲ್ಲಿಂದ ಪೇರಾವೂರು ದೂರವೇನಲ್ಲ. ಕಣ್ಣೂರು ಜಿಲ್ಲೆಯ ಈ ಊರು ಬಾಬಿ ಅವರ ಕುಟುಂಬದ ಊರು. ಕರ್ನಾಟಕದ ಗಡಿಗೆ ಇಷ್ಟು ಹತ್ತಿರದ ಊರಿನ ಒಂದು ಮನೆಯಿಂದ ವಾಲಿಬಾಲ್ ಲೋಕದ ದೊಡ್ಡ ಹೆಸರೊಂದು ಹೊರಟಿತ್ತು, ಜಿಮ್ಮಿ ಜಾರ್ಜ್. ಬಾಬಿ ಅವರ ಅಣ್ಣ.

ಈಗಿನ ಮಕ್ಕಳಿಗೆ ಜಿಮ್ಮಿ ಜಾರ್ಜ್ ಯಾರೆಂದು ಗೊತ್ತಿರಲಾರದು. ಐವತ್ತು ದಾಟಿದವರಿಗೆ ಗೊತ್ತಿರುತ್ತದೆ. 1955ರಲ್ಲಿ ಹುಟ್ಟಿದ ಅವರು 21 ವರ್ಷ ಮುಗಿಯುವ ಹೊತ್ತಿಗೆ ಅರ್ಜುನ ಪ್ರಶಸ್ತಿ ಪಡೆದವರು. ವೈದ್ಯಕೀಯ ಓದನ್ನು ಬಿಟ್ಟು ಕೇರಳ ಪೊಲೀಸ್ ತಂಡ ಸೇರಿ, ಮುಂದೆ ಇಟಲಿಗೆ ಹೋಗಿ ಹಣ ಪಡೆದು ವೃತ್ತಿಪರನಾಗಿ ಆಡಿದ ಮೊದಲ ಭಾರತೀಯ ವಾಲಿಬಾಲ್ ಆಟಗಾರ. ನೆಟ್ಟಿನ ಮೇಲೆ ಎದ್ದರೆ ಗಾಳಿಯಲ್ಲೇ ಒಂದು ಕ್ಷಣ ನಿಂತುಬಿಡುತ್ತಾರೆ ಎನ್ನುವಂತಿತ್ತು ಅವರ ಜಿಗಿತ. 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿದ್ದರು. ಮರುವರ್ಷ, 1987ರ ನವೆಂಬರ್ 30ರಂದು, ಇಟಲಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ವಯಸ್ಸು 32. ತಿರುವನಂತಪುರದ ಒಳಾಂಗಣ ಕ್ರೀಡಾಂಗಣಕ್ಕೆ ಅವರ ಹೆಸರಿದೆ.

ಆ ಮನೆಯಲ್ಲಿ ಅಣ್ಣತಮ್ಮಂದಿರೇ ಎಂಟು ಮಂದಿ. ವಾಲಿಬಾಲ್ ತಂಡಕ್ಕೆ ಆರು ಜನ ಸಾಕು. ಇವರಲ್ಲಿ ಇಬ್ಬರನ್ನು ಹೊರಗೆ ಕೂರಿಸಬೇಕಿತ್ತು! ಎಂಟು ಮಂದಿಯೂ ಸೇರಿ ‘ಜಾರ್ಜ್ ಬ್ರದರ್ಸ್’ ಎಂಬ ತಂಡವಾಗಿ ಆಡಿದ್ದನ್ನು ಕೇರಳದ ಕ್ರೀಡಾಪ್ರಿಯರು ಈಗಲೂ ನೆನೆಸಿಕೊಳ್ಳುತ್ತಾರೆ. ನೆಟ್ಟಿನ ಮುಂದೆ ಎತ್ತರಕ್ಕೆ ಜಿಗಿಯುವವರ ಮನೆಯಲ್ಲಿ ಹುಟ್ಟಿದ ಬಾಬಿ, ಮರಳಿನ ಗುಂಡಿಗೆ ಮುಂದಕ್ಕೆ ಜಿಗಿಯುವ ದಾರಿ ಹಿಡಿದರು. ಜಿಮ್ಮಿಯ ತಮ್ಮ ಎಂಬ ಮಾತು ಎಲ್ಲಿ ಹೋದರೂ ಮುಂದೆ ಹೋಗುತ್ತಿದ್ದ ಕಾಲದಲ್ಲಿ, ಬೇರೆ ಆಟವೊಂದರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗುವುದು ಸಣ್ಣ ಸಂಗತಿಯಲ್ಲ.

ಲೆಕ್ಕದ ಆಟ

ತ್ರಿವಿಧ ಜಿಗಿತ ನೋಡಲು ಕುಂಟೆಬಿಲ್ಲೆಯ ಹಾಗೆ ಕಾಣುತ್ತದೆ, ಮಾಡುವವರಿಗೆ ಮೊಣಕಾಲಿನ ಪರೀಕ್ಷೆ. ವೇಗವಾಗಿ ಓಡಿಬಂದು ಹಲಗೆಯ ಮೇಲೆ ಯಾವ ಕಾಲು ಇಟ್ಟರೋ ಅದೇ ಕಾಲಿನ ಮೇಲೆ ಮತ್ತೆ ಇಳಿಯಬೇಕು, ಅಲ್ಲಿಂದ ಇನ್ನೊಂದು ಕಾಲಿಗೆ, ಆಮೇಲೆ ಮರಳಿಗೆ. ಒಂದೊಂದು ಇಳಿತಕ್ಕೂ ಮೈಯ ಭಾರದ ಎಷ್ಟೋ ಪಟ್ಟು ಒಂದೇ ಕಾಲಿನ ಮೇಲೆ ಬೀಳುತ್ತದೆ. ಉದ್ದಜಿಗಿತದಲ್ಲಿ ಒಂದೇ ನೆಗೆತ, ಅದರ ಲೆಕ್ಕ ಬೇರೆ. 40 ಮೀಟರ್ ಅಥವಾ ಅದಕ್ಕೂ ಉದ್ದದ ಓಟದ ಪಟ್ಟಿ, ಕೊನೆಯಲ್ಲಿ 20 ಸೆಂಟಿಮೀಟರ್ ಅಗಲದ ಬಿಳಿಯ ಹಲಗೆ. ಜೋರಾಗಿ ಓಡಿಬಂದವರ ಪಾದ ಆ ಹಲಗೆಯ ಮೇಲೆ ಬೀಳಬೇಕು, ಆಚೆಯ ಅಂಚು ದಾಟಬಾರದು. ದಾಟಿದರೆ ಫೌಲ್, ಎಷ್ಟು ದೂರ ಹಾರಿದ್ದರೂ ಸೊನ್ನೆ. ಒಂದು ಗೇಣು ಹಿಂದೆಯೇ ಜಿಗಿದರೆ ಫೌಲ್ ಇಲ್ಲ, ಆದರೆ ಆ ಗೇಣು ಲೆಕ್ಕಕ್ಕೆ ಸಿಗದೆ ಹೋಯಿತು.

ಹೀಗಾಗಿ ಹೆಜ್ಜೆಗಳನ್ನು ಎಣಿಸಿಡಬೇಕು. ಇಪ್ಪತ್ತರ ಆಸುಪಾಸಿನ ಹೆಜ್ಜೆಗಳಲ್ಲಿ ಕೊನೆಯದರ ಹಿಂದಿನದು ತುಸು ಉದ್ದ, ಕೊನೆಯದು ತುಸು ಗಿಡ್ಡ. ಎದುರು ಗಾಳಿ ಬಂದರೆ ಹೊರಡುವ ಗುರುತನ್ನು ಮುಂದಕ್ಕೆ ತರಬೇಕು, ಬೆನ್ನ ಹಿಂದಿನಿಂದ ಬಂದರೆ ಹಿಂದಕ್ಕೆ. ಬೆನ್ನಿಗೆ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ಆ ಜಿಗಿತ ದಾಖಲೆಗೆ ಸೇರದು. ಮರಳಿನಲ್ಲಿ ಬಿದ್ದಾಗ ಕೈ ಹಿಂದಕ್ಕೆ ತಗುಲಿದರೆ ಅಳತೆ ಪಾದದಿಂದಲ್ಲ, ಕೈಯ ಗುರುತಿನಿಂದ. ಯಂತ್ರಗಳ ವಿದ್ಯೆ ಓದಿದವರಿಗೆ ಇದು ವೇಗ, ಕೋನ, ಭಾರಗಳ ಲೆಕ್ಕ. ಎರಡು ಬಗೆಯ ಜಿಗಿತದ ನೋವೂ ಗೊತ್ತಿದ್ದು ಲೆಕ್ಕವೂ ಗೊತ್ತಿದ್ದವರು ಕೋಚ್ ಆದಾಗ ಏನಾಗಬಹುದು ಎಂಬುದಕ್ಕೆ ಬಾಬಿ ಉದಾಹರಣೆ.

ಆದರೆ ಸ್ಪರ್ಧೆಯ ದಿನ ಕೋಚ್‌ಗೆ ಅಂಗಣದ ಒಳಗೆ ಜಾಗವಿಲ್ಲ. ಹಿಮದ ನಾಡುಗಳ ಸ್ಕೀ ಜಂಪಿಂಗ್‌ನಲ್ಲಿ ಗುಡ್ಡದ ಬದಿಯ ಅಟ್ಟಣಿಗೆಯಲ್ಲಿ ಕೋಚ್ ಬಾವುಟ ಹಿಡಿದು ನಿಂತಿರುತ್ತಾನೆ. ಗಾಳಿ ನೋಡಿ ಬಾವುಟ ಬೀಸಿದ ಮೇಲೆಯೇ ಜಿಗಿತಗಾರ ಇಳಿಜಾರಿಗೆ ಹೊರಡುವುದು. 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಆಸ್ಟ್ರಿಯಾದ ಟೋನಿ ಇನ್ನವರ್ ಗಾಯದಿಂದ ಚಿಕ್ಕ ವಯಸ್ಸಿನಲ್ಲೇ ಆಟ ಬಿಟ್ಟು, ಮುಂದೆ ತಮ್ಮ ದೇಶದ ತಂಡಕ್ಕೇ ಕೋಚ್ ಆಗಿ ಹೆಸರಾದವರು. ನಮ್ಮ ಮರಳಿನ ಗುಂಡಿಯ ಕೋಚ್‌ಗಳಿಗೆ ಆ ಬಾವುಟದ ಭಾಗ್ಯವೂ ಇಲ್ಲ. ಅವರು ಪ್ರೇಕ್ಷಕರ ಸಾಲಿನ ಕಟಕಟೆಗೆ ಒರಗಿ, ಪಾದ ಹಲಗೆಯಿಂದ ಎಷ್ಟು ಹಿಂದೆ ಬಿತ್ತೆಂದು ಬೆರಳಿನಲ್ಲೇ ತೋರಿಸಬೇಕು. ಉಳಿದದ್ದೆಲ್ಲ ಅದಕ್ಕೆ ಮೊದಲೇ, ಯಾರೂ ನೋಡದ ಬೆಳಗಿನ ಹೊತ್ತುಗಳಲ್ಲಿ ಮುಗಿದಿರಬೇಕು.

1998ರ ತೀರ್ಮಾನ

ಅಂಜು ಹುಟ್ಟಿದ್ದು 1977ರ ಏಪ್ರಿಲ್ 19ರಂದು, ಕೋಟ್ಟಯಂ ಜಿಲ್ಲೆಯ ಚಂಗನಾಶೇರಿಯ ಬಳಿ. ಕೋರುತ್ತೋಡಿನ ಶಾಲೆಯಲ್ಲಿ ಕೆ.ಪಿ. ಥಾಮಸ್, ಆಮೇಲೆ ಟಿ.ಪಿ. ಔಸೆಫ್ ಅವರ ಕೈಯಲ್ಲಿ ಪಳಗಿದವರು. ಇದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ದೊಡ್ಡ ಕೂಟದಲ್ಲಿ ಪದಕ ಬಂದಾಗ ಕೊನೆಯ ಕೋಚ್‌ನ ಹೆಸರು ಮಾತ್ರ ಪತ್ರಿಕೆಯಲ್ಲಿ ಬರುತ್ತದೆ, ಮೊದಲ ಹೆಜ್ಜೆ ಕಲಿಸಿದ ಮೇಷ್ಟ್ರು ಊರಲ್ಲೇ ಉಳಿದಿರುತ್ತಾರೆ. ಈ ಇಬ್ಬರಿಗೂ ತಡವಾಗಿಯಾದರೂ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು ಸಮಾಧಾನದ ಸಂಗತಿ.

ಮೊದಲು ಅಂಜು ಏಳು ಸ್ಪರ್ಧೆಗಳ ಹೆಪ್ಟಥ್ಲಾನ್ ಮಾಡುತ್ತಿದ್ದರು. ಓಟ, ಹರ್ಡಲ್ಸ್, ಎಸೆತ, ಜಿಗಿತ ಎಲ್ಲವೂ ಅದರಲ್ಲಿ ಇತ್ತು. ಕ್ರಮೇಣ ಜಿಗಿತದ ಕಡೆಗೆ ವಾಲಿದರು. ಬಾಬಿ ಅವರು ತಮ್ಮ ಸ್ವಂತ ಕ್ರೀಡಾಜೀವನಕ್ಕೆ ಮುಕ್ತಾಯ ಹಾಡಿ ಅಂಜು ಅವರ ಪೂರ್ಣಾವಧಿ ಕೋಚ್ ಆದದ್ದು 1998ರಲ್ಲಿ. ಆ ತೀರ್ಮಾನ ಎಷ್ಟು ದುಬಾರಿ ಎಂಬುದನ್ನು ಸಂಬಳದ ಮೇಲೆ ಸಂಸಾರ ನಡೆಸುವವರು ಒಮ್ಮೆ ಯೋಚಿಸಿ ನೋಡಬೇಕು. ರಾಷ್ಟ್ರೀಯ ಚಾಂಪಿಯನ್ ಎಂಬ ಹೆಸರು ಕೈಯಲ್ಲಿತ್ತು, ಎಂಜಿನಿಯರಿಂಗ್ ಪದವಿ ಇತ್ತು. ಎದುರಿಗಿದ್ದದ್ದು ಇನ್ನೂ ಜಗತ್ತಿಗೆ ಪರಿಚಯವಿಲ್ಲದ, ಇಪ್ಪತ್ತೊಂದರ ಒಬ್ಬ ಹುಡುಗಿಯ ಕಾಲುಗಳು. ಅದನ್ನು ನಂಬಿ ಹೂಡಿದ ಬಂಡವಾಳಕ್ಕೆ ಯಾವ ಬ್ಯಾಂಕೂ ಭದ್ರತೆ ಕೇಳದೆ ಸಾಲ ಕೊಡುತ್ತಿರಲಿಲ್ಲ.

ಮೊದಲ ಫಸಲು ಬಂದದ್ದು ಕೋಚ್‌ನ ಸ್ವಂತ ವಿಭಾಗದಲ್ಲೇ. 1999ರಲ್ಲಿ ಬೆಂಗಳೂರಿನ ಫೆಡರೇಷನ್ ಕಪ್ ಕೂಟದಲ್ಲಿ ಅಂಜು ತ್ರಿವಿಧ ಜಿಗಿತದ ರಾಷ್ಟ್ರೀಯ ದಾಖಲೆ ಬರೆದರು. ಬಾಬಿ ಅಲ್ಲೇ ನಿಲ್ಲಬಹುದಿತ್ತು, ತನಗೆ ಚೆನ್ನಾಗಿ ಗೊತ್ತಿದ್ದನ್ನೇ ಕಲಿಸುತ್ತ ಹೋಗಬಹುದಿತ್ತು. ಬಹಳ ಮಂದಿ ಕೋಚ್‌ಗಳು ಮಾಡುವುದೇ ಹಾಗೆ, ತಾವು ಆಡಿದ್ದನ್ನೇ ಶಿಷ್ಯರ ಮೈಗೆ ತೊಡಿಸುತ್ತಾರೆ. ಇವರು ಹಾಗೆ ಮಾಡಲಿಲ್ಲ. ಶಿಷ್ಯೆಯ ಮೈ ಏನು ಹೇಳುತ್ತದೆಂದು ನೋಡಿ, ಉದ್ದಜಿಗಿತವನ್ನೇ ಮುಖ್ಯ ಮಾಡಿಕೊಂಡರು. ಅವರ ಕೋಚ್ ಬಾಳಿನಲ್ಲಿ ಇದೇ ದೊಡ್ಡ ನಿರ್ಧಾರ ಎಂದರೆ ತಪ್ಪಾಗಲಾರದು.

ನಡುವೆ ಗಾಯ ಕಾಡಿತು. ಹಲಗೆಯ ಮೇಲೆ ಊರಿ ನೆಗೆಯುವ ಕಾಲಿಗೇ ಪೆಟ್ಟು. 2000ದ ಸಿಡ್ನಿ ಒಲಿಂಪಿಕ್ಸ್ ಕೈತಪ್ಪಿತು. ಅದೇ ವರ್ಷ ಇಬ್ಬರ ಮದುವೆಯಾಯಿತು. ಗುರು-ಶಿಷ್ಯೆ ಗಂಡ-ಹೆಂಡತಿಯಾದರೆ ಮೈದಾನದ ಜಗಳ ಅಡಿಗೆಮನೆಗೆ ಬರುತ್ತದೆ, ಅಡಿಗೆಮನೆಯದು ಮೈದಾನಕ್ಕೆ ಹೋಗುತ್ತದೆ ಎನ್ನುವುದು ಲೋಕದ ಮಾತು. ಇವರ ಮಟ್ಟಿಗೆ ಅಳತೆಯ ಪಟ್ಟಿ ಹೇಳಿದ್ದು ಬೇರೆ. 2001ರಲ್ಲಿ ತಿರುವನಂತಪುರದಲ್ಲಿ ಅಂಜು 6.74 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದರು. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು, ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ.

ಪ್ಯಾರಿಸ್, ಅಥೆನ್ಸ್ ಮತ್ತು ಒಂದು ಮೂತ್ರಪಿಂಡ

2003ರಲ್ಲಿ ದಂಪತಿ ಅಮೆರಿಕಕ್ಕೆ ಹೋಗಿ ಮೈಕ್ ಪೊವೆಲ್ ಅವರ ಬಳಿ ಕೆಲಕಾಲ ತರಬೇತಿ ಪಡೆದರು. 1991ರಲ್ಲಿ ಟೋಕಿಯೊದಲ್ಲಿ 8.95 ಮೀಟರ್ ಜಿಗಿದು ಪುರುಷರ ವಿಶ್ವದಾಖಲೆ ಬರೆದ ಪೊವೆಲ್ ಇವರೇ. ತನ್ನ ಶಿಷ್ಯೆಯನ್ನು ಇನ್ನೊಬ್ಬ ಗುರುವಿನ ಮುಂದೆ ನಿಲ್ಲಿಸಲು ಕೋಚ್‌ಗೆ ದೊಡ್ಡ ಮನಸ್ಸು ಬೇಕು. ತನಗೆ ಎಲ್ಲವೂ ಗೊತ್ತು ಎನ್ನುವವನಿಂದ ಆಗುವ ಕೆಲಸವಲ್ಲ ಅದು.

2003ರ ಆಗಸ್ಟ್ 30, ಪ್ಯಾರಿಸ್. ಫ್ರಾನ್ಸಿನ ಯೂನಿಸ್ ಬಾರ್ಬರ್ ತಮ್ಮ ಜನರ ಕೂಗಿನ ನಡುವೆ 6.99 ಮೀಟರ್ ಜಿಗಿದು ಚಿನ್ನ ಗೆದ್ದರು. ರಷ್ಯಾದ ತತ್ಯಾನಾ ಕೊತೊವಾ 6.74. ಅಂಜು 6.70, ಕಂಚು. ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಬಂದ ಮೊಟ್ಟಮೊದಲ ಪದಕ ಅದು. ಎರಡನೆಯದು ಬರಲು 19 ವರ್ಷ ಬೇಕಾಯಿತು. 2022ರಲ್ಲಿ ಯೂಜಿನ್‌ನಲ್ಲಿ ನೀರಜ್ ಚೋಪ್ರಾ ಬೆಳ್ಳಿ ಗೆಲ್ಲುವವರೆಗೂ ಆ ಪಟ್ಟಿಯಲ್ಲಿ ಭಾರತದ ಹೆಸರಿನ ಮುಂದೆ ಅಂಜು ಒಬ್ಬರೇ. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಪಿ.ಟಿ. ಉಷಾ ಕಂಚು ಕಳೆದುಕೊಂಡಾಗ ರೇಡಿಯೊ ಮುಂದೆ ಕೂತಿದ್ದವರಿಗೆ ಪ್ಯಾರಿಸ್‌ನ ಆ ಕಂಚು ಏನೆಂದು ಗೊತ್ತು. ಉಷಾ ಅವರ ಗುರು ಒ.ಎಂ. ನಂಬಿಯಾರ್ ಅವರು 1985ರಲ್ಲಿ ಮೊದಲ ಬಾರಿ ಕೊಟ್ಟ ದ್ರೋಣಾಚಾರ್ಯ ಪ್ರಶಸ್ತಿ ಪಡೆದವರಲ್ಲಿ ಒಬ್ಬರು. ಬಾಬಿ ಜಾರ್ಜ್ ಅವರಿಗೆ ಆ ಪ್ರಶಸ್ತಿ ಬಂದದ್ದು 2003ನೇ ಸಾಲಿನಲ್ಲಿ. ಅಂಜು ಅವರಿಗೆ ಖೇಲ್ ರತ್ನವೂ, 2004ರಲ್ಲಿ ಪದ್ಮಶ್ರೀಯೂ ಬಂದವು.

ಅಂಜು ಅವರ ಬಾಳಿನ ಅತ್ಯಂತ ಉದ್ದದ ಜಿಗಿತಕ್ಕೆ ಮಾತ್ರ ಪದಕ ಬರಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅವರು ಜಿಗಿದದ್ದು 6.83 ಮೀಟರ್. ಪ್ಯಾರಿಸ್‌ನಲ್ಲಾಗಿದ್ದರೆ ಬೆಳ್ಳಿ ಸಿಗುತ್ತಿದ್ದ ದೂರ, ಅಥೆನ್ಸ್‌ನಲ್ಲಿ ಆರನೇ ಸ್ಥಾನ. ಮೂರೂ ಪದಕಗಳು ರಷ್ಯಾದ ಪಾಲಾದವು. ಅವರ ಮುಂದಿದ್ದ ಅಮೆರಿಕದ ಮರಿಯನ್ ಜೋನ್ಸ್ ಉದ್ದೀಪನ ಮದ್ದು ತೆಗೆದುಕೊಂಡದ್ದನ್ನು 2007ರಲ್ಲಿ ಒಪ್ಪಿಕೊಂಡ ಮೇಲೆ ಆಕೆಯ ಫಲಿತಾಂಶ ರದ್ದಾಗಿ ಅಂಜು ಐದನೇ ಸ್ಥಾನಕ್ಕೆ ಏರಿದರು. 2005ರ ಮೊನಾಕೊ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನ ಕಥೆಯೂ ಹೀಗೆಯೇ. ಅಂದು ಅಂಜು ಎರಡನೆಯವರು, ಗೆದ್ದವರು ಕೊತೊವಾ. ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ ಕೊತೊವಾ ಸಿಕ್ಕಿಬಿದ್ದು, 2014ರಲ್ಲಿ ಅಂಜು ಅವರ ಬೆಳ್ಳಿ ಚಿನ್ನವಾಯಿತು. ಒಂಬತ್ತು ವರ್ಷ ತಡವಾಗಿ ಬಂದ ಚಿನ್ನಕ್ಕೆ ರಾಷ್ಟ್ರಗೀತೆಯೂ ಇಲ್ಲ, ವೇದಿಕೆಯೂ ಇಲ್ಲ. ಬಾಕಿ ಮೊತ್ತ ಕೈಗೆ ಬಂದರೂ ಅದನ್ನು ಖರ್ಚು ಮಾಡುವ ವಯಸ್ಸು ಕಳೆದುಹೋದ ಹಾಗೆ.

ಎಲ್ಲ ದಿನವೂ ಒಂದೇ ಸಮ ಇರಲಿಲ್ಲ. 2006ರ ದೋಹಾ ಏಷ್ಯನ್ ಕೂಟದಲ್ಲಿ ಬೆಳ್ಳಿಗೆ ತೃಪ್ತರಾಗಬೇಕಾಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಮೂರಕ್ಕೆ ಮೂರೂ ಫೌಲ್. ಅಷ್ಟು ವರ್ಷ ಎಣಿಸಿದ ಹೆಜ್ಜೆಗಳು ಆ ದಿನ ತಾಳೆಯಾಗಲಿಲ್ಲ, ಅಷ್ಟೆ. ಇದಕ್ಕಿಂತ ಹೆಚ್ಚಿನ ವಿವರಣೆ ಈ ಆಟದಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ, 2020ರ ಡಿಸೆಂಬರ್‌ನಲ್ಲಿ, ಅಂಜು ಟ್ವಿಟರ್‌ನಲ್ಲಿ ನಾಲ್ಕು ಸಾಲು ಬರೆದರು. ದೇಶವೇ ಬೆರಗಾಯಿತು. ತನಗಿರುವುದು ಒಂದೇ ಮೂತ್ರಪಿಂಡ, ನೋವಿನ ಮಾತ್ರೆಯೂ ತನ್ನ ಮೈಗೆ ಒಗ್ಗುವುದಿಲ್ಲ, ನೆಗೆಯುವ ಕಾಲು ಸತ್ತಂತಾಗಿತ್ತು, ಆದರೂ ಜಗತ್ತಿನ ಮೇಲ್ಸಾಲಿಗೆ ಮುಟ್ಟಿದೆ ಎಂದು ತಿಳಿಸಿ, ಇದನ್ನು ಕೋಚ್‌ನ ಮಾಯೆ ಎನ್ನೋಣವೇ ಎಂದು ಕೇಳಿದ್ದರು. ಸುಮ್ಮನೆ ಹೊಗಳಿಕೆಯ ಮಾತಲ್ಲ ಇದು. ಉಳಿದವರು ಕಾಲು ಉಳುಕಿದರೆ ಮಾತ್ರೆ ನುಂಗಿ ಮರುದಿನ ಓಡುತ್ತಾರೆ. ಆ ದಾರಿ ಮುಚ್ಚಿದ್ದ ಮೈಗೆ ದಿನದಿನದ ಕಸರತ್ತನ್ನು ಹಂಚುವುದೆಂದರೆ, ಒಂದು ದಿನ ಅಳತೆ ಮೀರಿದರೂ ತಿಂಗಳುಗಟ್ಟಲೆ ತೆರಬೇಕಾದ ಲೆಕ್ಕ. ಹೆಂಡತಿಯ ನೋವು ಕಣ್ಣೆದುರಿಗಿದ್ದೂ ಇವತ್ತು ಇನ್ನೆರಡು ಸಲ ಓಡು ಎನ್ನಬೇಕಾದವರು, ಅಥವಾ ಆಕೆ ಓಡುತ್ತೇನೆಂದರೂ ಸಾಕು ಎನ್ನಬೇಕಾದವರು ಒಬ್ಬರೇ. ಆ ಎರಡು ಮಾತಿನ ನಡುವೆ ಬಾಬಿ ಹತ್ತು ವರ್ಷ ಕಳೆದರು.

ಸೋತವಳಲ್ಲಿ ಕಂಡದ್ದು

2016ರಲ್ಲಿ ಅಂಜು ಹುಡುಗಿಯರಿಗಾಗಿ ಬೆಂಗಳೂರಿನಲ್ಲಿ ಅಕಾಡೆಮಿ ತೆರೆದರು. ಅಂಜು ಬಾಬಿ ಸ್ಪೋರ್ಟ್ಸ್ ಫೌಂಡೇಷನ್ ಎಂಬ ಹೆಸರಿನಲ್ಲೂ ಬಾಬಿ ನಡುವೆಯೇ ಇದ್ದಾರೆ. ಅಲ್ಲಿ ಕೋಚ್ ಅವರೇ. ಸಂಸ್ಥೆಯ ಹೆಸರುಹಲಗೆ ಬರೆಸುವುದು ಸುಲಭ, ಹುಡುಗಿಯರನ್ನು ಹುಡುಕುವುದು ಕಷ್ಟ. ಕಿರಿಯರ ಕೂಟಗಳಲ್ಲಿ ಗೆದ್ದವರನ್ನು ಕರೆದುಕೊಂಡು ಬರಲು ಯಾರಾದರೂ ಹೋಗುತ್ತಾರೆ. 2017ರಲ್ಲಿ ಆಂಧ್ರದಲ್ಲಿ ನಡೆದ ಕಿರಿಯರ ರಾಷ್ಟ್ರೀಯ ಕೂಟವೊಂದರಲ್ಲಿ ಬಾಬಿ ಅವರ ಕಣ್ಣು ನೆಟ್ಟದ್ದು ಗೆಲ್ಲದ ಹುಡುಗಿಯ ಮೇಲೆ. ಉತ್ತರ ಪ್ರದೇಶದ ಝಾನ್ಸಿಯ ಶೈಲಿ ಸಿಂಗ್, ಆಗ 13ರ ಪೋರಿ.

ಆಕೆಯ ತಾಯಿ ಬಟ್ಟೆ ಹೊಲಿದು ಮೂವರು ಮಕ್ಕಳನ್ನು ಒಬ್ಬರೇ ಸಾಕುತ್ತಿದ್ದವರು. ಅಂಥ ತಾಯಿ, ಅಷ್ಟು ದೂರದ ಊರಿಗೆ ಎಳೆಯ ಮಗಳನ್ನು ಕಳಿಸಿಕೊಡಬೇಕಾದರೆ ಕೋಚ್‌ನ ಮೇಲೆ ಎಷ್ಟು ನಂಬಿಕೆ ಬೇಕು! ಮಗಳನ್ನು ಮೊದಲ ಬಾರಿ ಹಾಸ್ಟೆಲಿಗೆ ಬಿಟ್ಟು ಸಿಕಂದರಾಬಾದ್ ಸ್ಟೇಷನ್ನಿನಿಂದ ಒಬ್ಬರೇ ಮನೆಗೆ ನಡೆದುಬಂದ ತಂದೆತಾಯಂದಿರಿಗೆ ಇದರ ಭಾರ ಗೊತ್ತು. ಜಿಗಿತ ಕಲಿಸುವುದು ಕೋಚ್‌ನ ಕೆಲಸದಲ್ಲಿ ಒಂದು ಪಾಲು ಮಾತ್ರ. ಊಟ ಸರಿಯಾಯಿತೇ, ಓದು ನಡೆಯುತ್ತಿದೆಯೇ, ಊರಿನ ನೆನಪಿಗೆ ಅಳುತ್ತಿದ್ದಾಳೆಯೇ ಎಂದು ನೋಡುವುದು ಉಳಿದ ಪಾಲು.

ನಾಲ್ಕು ವರ್ಷಗಳ ನಂತರ, 2021ರ ಆಗಸ್ಟ್ 22, ನೈರೋಬಿ. 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್. 17ರ ಶೈಲಿ 6.59 ಮೀಟರ್ ಜಿಗಿದು ಮುಂದಿದ್ದಳು. ಆಮೇಲೆ ಸ್ವೀಡನ್ನಿನ ಮಾಯಾ ಓಸ್ಕಾಗ್ 6.60 ಜಿಗಿದರು. ಒಂದು ಸೆಂಟಿಮೀಟರ್! ಕಿರುಬೆರಳಿನ ಉಗುರಿನ ಅಗಲ. ಶೈಲಿಗೆ ಬೆಳ್ಳಿ. ಬ್ಯಾಂಕಿನ ಖಾತೆಪುಸ್ತಕದಲ್ಲಿ ಒಂದು ಪೈಸೆ ತಾಳೆಯಾಗದಿದ್ದರೆ ಸಂಜೆಯೆಲ್ಲ ಹುಡುಕುತ್ತ ಕೂರಬೇಕಾಗಿದ್ದ ದಿನಗಳನ್ನು ಕಂಡವರಿದ್ದಾರೆ. ಅಲ್ಲಿ ಆ ಪೈಸೆ ಕೊನೆಗೂ ಎಲ್ಲೋ ಸಿಗುತ್ತಿತ್ತು. ಮರಳಿನಲ್ಲಿ ಕಳೆದ ಸೆಂಟಿಮೀಟರ್ ಸಿಗುವುದಿಲ್ಲ. ಹುಡುಗಿ ಕಣ್ಣೀರಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅಂಜು ಅವರನ್ನು ವರ್ಷದ ಮಹಿಳೆ ಎಂದು ಗೌರವಿಸಿತು. ತಮ್ಮ ಜಿಗಿತಕ್ಕಲ್ಲ, ಹುಡುಗಿಯರಿಗಾಗಿ ಅಕಾಡೆಮಿ ಕಟ್ಟಿ, ಕ್ರೀಡೆಯಲ್ಲಿ ಹೆಣ್ಣುಮಕ್ಕಳ ಪರವಾಗಿ ನಿಂತದ್ದಕ್ಕೆ. ಬಾಬಿ ಎಂದಿನಂತೆ ಹೆಸರಿನ ನಡುವೆ.

ಹೈದರಾಬಾದಿನ ಇನ್ನೊಂದು ಜಿಗಿತ

ಜಿಗಿತದ ವಿದ್ಯೆ ಮನೆಯೊಳಗೇ ಒಬ್ಬರಿಂದ ಒಬ್ಬರಿಗೆ ದಾಟುವುದು ಇವರೊಬ್ಬರ ಕಥೆಯಲ್ಲ. ಕೇರಳದ ಪಾಲಕ್ಕಾಡಿನ ಉದ್ದಜಿಗಿತಗಾರ ಎಂ. ಶ್ರೀಶಂಕರ್ ಅವರಿಗೆ ಕೋಚ್ ಆಗಿರುವವರು, ಒಂದು ಕಾಲಕ್ಕೆ ತ್ರಿವಿಧ ಜಿಗಿತಗಾರರಾಗಿದ್ದ ಅವರ ತಂದೆ ಮುರಳಿ. ಕನ್ನಡನಾಡಿನ ಮನೆಯೊಂದು ನಮ್ಮ ನಗರಕ್ಕೂ ನಂಟುಳ್ಳದ್ದು. ಮಂಗಳೂರಿನ ದಕ್ಷಿಣಕ್ಕೆ, ಕಾಸರಗೋಡಿನ ದಾರಿಯಲ್ಲಿರುವ ಸೋಮೇಶ್ವರ ಉಚ್ಚಿಲದ ಸಹನಾ ಕುಮಾರಿ 2012ರ ಜೂನ್ 23ರಂದು ಹೈದರಾಬಾದಿನ ಅಂತರರಾಜ್ಯ ಕೂಟದಲ್ಲಿ 1.92 ಮೀಟರ್ ಎತ್ತರ ಜಿಗಿದರು. ಬಾಬಿ ಅಲೋಷಿಯಸ್ 2004ರಲ್ಲಿ ಬರೆದಿದ್ದ 1.91ರ ರಾಷ್ಟ್ರೀಯ ದಾಖಲೆ ಮುರಿಯಿತು. (ಈ ಬಾಬಿ ಬೇರೆ, ಕೇರಳದ ಎತ್ತರ ಜಿಗಿತಗಾರ್ತಿ.) ಆ ಜಿಗಿತವೇ ಸಹನಾ ಅವರಿಗೆ ಲಂಡನ್ ಒಲಿಂಪಿಕ್ಸ್‌ನ ಬಾಗಿಲು ತೆರೆಯಿತು. ಗಂಡ ಬಿ.ಜಿ. ನಾಗರಾಜ್ ನೂರು ಮೀಟರ್ ಓಟಗಾರ. ಮಗಳು ಪಾವನಾ ನಾಗರಾಜ್ 2024ರಲ್ಲಿ ದುಬೈನಲ್ಲಿ ನಡೆದ 20 ವರ್ಷದೊಳಗಿನವರ ಏಷ್ಯನ್ ಕೂಟದಲ್ಲಿ 6.32 ಮೀಟರ್ ಜಿಗಿದು ಚಿನ್ನ ಗೆದ್ದಳು. ತಾಯಿಯ ಎತ್ತರ ಜಿಗಿತದಲ್ಲಲ್ಲ, ಉದ್ದಜಿಗಿತದಲ್ಲಿ.

ಹೀಗೆ ಈ ನಗರದಲ್ಲಿ ಚಿನ್ನ ಗೆದ್ದ ಒಬ್ಬರು, ದಾಖಲೆ ಮುರಿದ ಇನ್ನೊಬ್ಬರು. ಇಬ್ಬರ ಮನೆಯ ದಾರಿಯೂ ಬೆಂಗಳೂರಿನ ಮರಳಿನ ಗುಂಡಿಯ ಕಡೆಗೇ ಹೋಗುತ್ತದೆ. ಗಚ್ಚಿಬೌಲಿಯ ಬಂಡೆಗಲ್ಲುಗಳು ಕರಗಿ ಗಾಜಿನ ಕಟ್ಟಡಗಳಾಗಿವೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಆ ಕಡೆ ಹೋಗುವ ಕನ್ನಡಿಗ ಕುಟುಂಬಗಳು ಬೇಕಾದಷ್ಟಿವೆ. ಅಲ್ಲೊಂದು ಕ್ರೀಡಾಂಗಣ ಇದೆ, ಅಲ್ಲಿ ಇಂಥವರು ಜಿಗಿದಿದ್ದರು ಎಂದು ಮಕ್ಕಳಿಗೆ ತೋರಿಸುವವರು ಎಷ್ಟೋ! ಹತ್ತನೇ ತರಗತಿ ಬಂತೆಂದರೆ ಮೈದಾನ ಬಿಡಿಸಿ ಟ್ಯೂಷನ್ನಿಗೆ ಸೇರಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಎಂಜಿನಿಯರಿಂಗ್ ಓದಿಯೂ ಮೈದಾನ ಬಿಡದವರೊಬ್ಬರು ಇದ್ದಾರೆ ಎಂಬುದು ಆ ಹೊತ್ತಿನಲ್ಲಿ ನೆನಪಾದರೆ ಒಳ್ಳೆಯದು.

ಇನ್ನುಳಿದ ಏಳು ಸೆಂಟಿಮೀಟರ್

2023ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಇಂಡಿಯನ್ ಗ್ರ್ಯಾನ್ ಪ್ರೀ ಕೂಟದಲ್ಲಿ ಶೈಲಿ 6.76 ಮೀಟರ್ ಜಿಗಿದಳು. ಅಂದಿನವರೆಗೆ ಭಾರತದ ಮಹಿಳೆಯೊಬ್ಬಳು ಜಿಗಿದ ಎರಡನೇ ಅತಿ ಉದ್ದದ ಜಿಗಿತ. ಮೊದಲನೆಯದು ಅಥೆನ್ಸ್‌ನ 6.83. ಮರುತಿಂಗಳು ಯೊಕೊಹಾಮದಲ್ಲಿ ಕಂಚು, ಜುಲೈನಲ್ಲಿ ಬ್ಯಾಂಕಾಕ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, 2025ರಲ್ಲಿ ಕೊರಿಯಾದ ಗುಮಿಯಲ್ಲಿ ಅದೇ ಕೂಟದ ಕಂಚು.

ವಿಚಿತ್ರವಾದ ಇಕ್ಕಟ್ಟು ಬಾಬಿ ಅವರದು. ಹಳೆಯ ಶಿಷ್ಯೆ ಬರೆದ ದಾಖಲೆ ಇದೆ, ಹೊಸ ಶಿಷ್ಯೆ ಅದನ್ನು ಅಟ್ಟಿಸಿಕೊಂಡು ಓಡುತ್ತಿದ್ದಾಳೆ. ಹಳೆಯ ಶಿಷ್ಯೆ ಮನೆಯಲ್ಲೇ ಇದ್ದಾರೆ, ಹೊಸಬಳ ಬೆನ್ನು ತಟ್ಟುವವರಲ್ಲಿ ಅವರೇ ಮೊದಲಿಗರು. ದಾಖಲೆ ಮುರಿದರೂ ಗುರುವಿನದೇ, ಉಳಿದರೂ ಗುರುವಿನದೇ. ಬೆಂಗಳೂರಿನ ಆ ಜಿಗಿತದ ದಿನ ಎರಡರ ನಡುವೆ ಉಳಿದಿದ್ದ ಅಂತರ ಏಳು ಸೆಂಟಿಮೀಟರ್.